ಶೇಂಗಾ ಸೂಜಿಯ ತುದಿಗೆ ಒಂದು ಕ್ಯಾನ್ ದ್ರವ ಸಾರಜನಕ ಕೊಡಿ

ಮಾನ್ಯ ಸಂಪಾದಕರಿಗೆ,

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಹರಿಯುವ ತನಕ ಚಳ್ಳಕೆರೆ ಸೀಮೆಯ ರೈತನಿಗೆ ವಂಶವಾಹಿ ಸಂಶೋಧನೆಯಿಂದ ಆಗಬೇಕಾದದ್ದು ಏನೂ ಇಲ್ಲ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ನೀರಿನ ಬಗ್ಗೆ ಅವರಿಗಿರುವ ಸಂಕಟ ನನಗೂ ಇದೆ. ನಮ್ಮ ಮನೆಯ ಹೊಲವೂ ಮಳೆಯನ್ನೇ ನಂಬಿದ ಕೆಂಪು ಮಣ್ಣಿನ ಹೊಲ. ಆದರೆ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಮಳೆ ನಂಬಿ ಬದುಕುವವರಿಗೇ ಈ ಸಂಶೋಧನೆ ಎಲ್ಲರಿಗಿಂತ ಮೊದಲು ಬೇಕು. ಅದೂ ಬೆಂಗಳೂರಿನ ಗಾಜಿನ ಮನೆಯಲ್ಲಿ ನಡೆದರೆ ಸಾಲದು. ಅದರ ಮೊದಲ ಹತ್ತು ನಿಮಿಷದ ಕೆಲಸ, ಅಂದರೆ ಶೇಂಗಾ ಗಿಡದ ಮಾದರಿ ಕತ್ತರಿಸಿ ಕೆಡದಂತೆ ಹೆಪ್ಪುಗಟ್ಟಿಸುವುದು, ನಮ್ಮ ಹೊಲದ ಬದುವಿನ ಮೇಲೆಯೇ ಆಗಬೇಕು. ಆ ಹತ್ತು ನಿಮಿಷಕ್ಕೆ ಬೇಕಾದ ಮುಖ್ಯ ಸಾಮಗ್ರಿಯಾದ ದ್ರವ ಸಾರಜನಕ ನಮ್ಮ ಪಶು ಆಸ್ಪತ್ರೆಗಳಲ್ಲಿ ಈಗಾಗಲೇ ಇದೆ. ಇದನ್ನು ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಶೇಂಗಾ ಬೆಳೆದವರಿಗೆಲ್ಲ ಗೊತ್ತಿರುವ ಸಂಗತಿಯಿಂದಲೇ ಆರಂಭಿಸುತ್ತೇನೆ. ಬಿತ್ತಿ ತಿಂಗಳಾಗುವ ಹೊತ್ತಿಗೆ ಗಿಡ ಹಳದಿ ಹೂ ಬಿಡುತ್ತದೆ. ಬೆಳಿಗ್ಗೆ ಅರಳಿದ ಹೂ ಅಂದೇ ಬಾಡುತ್ತದೆ. ಕೆಲವು ದಿನ ಕಳೆದ ಮೇಲೆ ಬಾಡಿದ ಹೂವಿನ ಬುಡದಿಂದ ತೆಳ್ಳನೆಯ ಸೂಜಿಯೊಂದು ಹೊರಟು ನೆಲದ ಕಡೆಗೆ ಬಾಗುತ್ತದೆ. ಮುಂದೆ ಕಾಯಾಗಬೇಕಾದ ಅಂಡಾಶಯ ಇರುವುದು ಆ ಸೂಜಿಯ ತುದಿಯಲ್ಲಿ. ಸೂಜಿ ಬೆಳಕಿನಲ್ಲಿ ಇರುವಷ್ಟು ಕಾಲ ಒಳಗಿನ ಭ್ರೂಣ ಬೆಳೆಯದೆ ತಡೆದು ನಿಂತಿರುತ್ತದೆ. ಮಣ್ಣಿಗಿಳಿದು ಕತ್ತಲು ಸಿಕ್ಕ ಮೇಲೆಯೇ ಅದು ಮತ್ತೆ ಬೆಳೆಯುವುದು, ತುದಿ ಊದಿಕೊಂಡು ಕಾಯಿ ಕಟ್ಟುವುದು. ಕಾಯಿಗೆ ಬೇಕಾದ ಕ್ಯಾಲ್ಸಿಯಂ ಬೇರಿನ ಮೂಲಕ ಸಾಕಷ್ಟು ಬರುವುದಿಲ್ಲ, ಬೆಳೆಯುವ ಕಾಯಿಯೇ ಸುತ್ತಲಿನ ಮಣ್ಣಿನಿಂದ ಹೀರಿಕೊಳ್ಳಬೇಕು. ಹೂ ಬಿಡುವ ಹಂತದಲ್ಲಿ ಬುಡಕ್ಕೆ ಜಿಪ್ಸಂ ಕೊಡಿ ಎಂದು ಕೃಷಿ ಇಲಾಖೆಯವರು ಹೇಳುವುದು ಇದೇ ಕಾರಣಕ್ಕೆ.

ಆ ಹೊತ್ತಿಗೆ ಮಳೆ ಕೈಕೊಟ್ಟರೆ ಕೆಂಪು ನೆಲ ಬಿರುಸಾಗಿ, ಸೂಜಿ ಒಳಗಿಳಿಯಲಾರದೆ ಮೇಲೆಯೇ ಒಣಗುತ್ತದೆ. ಗಿಡ ನೋಡಿದರೆ ಹಸಿರಾಗಿಯೇ ಇರುತ್ತದೆ, ಕಿತ್ತು ನೋಡಿದರೆ ಬುಡದಲ್ಲಿ ಕಾಯಿ ಇರುವುದಿಲ್ಲ. ಆದರೆ ಅದೇ ಹೊಲದಲ್ಲಿ, ಅದೇ ಸಾಲಿನಲ್ಲಿ, ಅದೇ ಬರಗಾಲ ಉಂಡ ಇನ್ನೊಂದು ಗಿಡ ಸೂಜಿಯನ್ನು ಇಳಿಸಿ ನಾಲ್ಕು ಕಾಯಿ ಕಟ್ಟಿರುತ್ತದೆ. ನಮ್ಮ ತಂದೆ ಅಂಥ ಗಿಡ ಕಂಡರೆ ಬೇರೆ ಇಟ್ಟು ಅದರ ಬೀಜ ಉಳಿಸುತ್ತಿದ್ದರು. ಈ ಸೀಮೆಯಲ್ಲಿ ಇವತ್ತಿಗೂ ಬಿತ್ತುವ ಟಿಎಂವಿ-2 ತಳಿ 1940ರಲ್ಲಿ ತಮಿಳುನಾಡಿನ ತಿಂಡಿವನದಿಂದ ಬಂದದ್ದು. ಅಷ್ಟು ಹಳೆಯ ತಳಿಯನ್ನು ರೈತರು ಇನ್ನೂ ಬಿಟ್ಟಿಲ್ಲವೆಂದರೆ ಈ ಮಣ್ಣು, ಈ ಮಳೆಗೆ ಹೊಂದಿಕೊಳ್ಳುವ ಯಾವುದೋ ಗುಣ ಅದರಲ್ಲಿದೆ. ಆ ಗುಣ ಸೂಜಿಯ ತುದಿಯಲ್ಲಿ ಕೆಲಸ ಮಾಡುವ ಗಳಿಗೆಯಲ್ಲಿಯೇ ಅದನ್ನು ಹಿಡಿಯುವುದು ಸಾಧ್ಯವೇ ಎಂಬುದು ನಾನು ಎತ್ತುತ್ತಿರುವ ಪ್ರಶ್ನೆ.

ಗಿಡದ ಯಾವ ಎಲೆ ಕಿತ್ತರೂ ಅದರಲ್ಲಿರುವ ಡಿಎನ್‌ಎ ಒಂದೇ. ಬೀಜ ಭಂಡಾರದಲ್ಲಿ ಒಂದು ಹಿಡಿ ಬೀಜ ಇಟ್ಟರೆ ಡಿಎನ್‌ಎ ಕಾಪಾಡಿದಂತೆಯೇ. ಆದರೆ ಯಾವ ವಂಶವಾಹಿ ಈಗ, ಈ ತುದಿಯಲ್ಲಿ, ಈ ಬಿರುಸು ನೆಲಕ್ಕೆ ಸ್ಪಂದಿಸಿ ಕೆಲಸ ಮಾಡುತ್ತಿದೆ ಎಂಬುದು ಡಿಎನ್‌ಎ ನೋಡಿದರೆ ತಿಳಿಯುವುದಿಲ್ಲ. ಜೀವಕೋಶ ತನಗೆ ಆ ಕ್ಷಣಕ್ಕೆ ಬೇಕಾದ ವಂಶವಾಹಿಯನ್ನು ಮಾತ್ರ ಎಂಆರ್‌ಎನ್‌ಎ ರೂಪದಲ್ಲಿ ನಕಲು ಮಾಡಿಕೊಂಡು, ಅದರ ಪ್ರಕಾರ ಪ್ರೋಟೀನು ತಯಾರಿಸುತ್ತದೆ. ಕೆಲಸ ಮುಗಿದೊಡನೆ ನಕಲನ್ನು ಹರಿದು ಹಾಕುತ್ತದೆ. ಈ ನಕಲುಗಳನ್ನು ಹಿಡಿದು, ಬಾಳಿಕೆ ಬರುವ ಡಿಎನ್‌ಎ ಆಗಿ ಮತ್ತೆ ಬರೆದು, ಒಟ್ಟಾಗಿ ಕಾಪಿಟ್ಟ ಸಂಗ್ರಹವೇ ಸಿಡಿಎನ್‌ಎ ಲೈಬ್ರರಿ. ಆರ್‌ಎನ್‌ಎಯಿಂದ ಡಿಎನ್‌ಎ ಬರೆಯುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವವನ್ನು 1970ರಲ್ಲಿ ಹೊವಾರ್ಡ್ ಟೆಮಿನ್ ಮತ್ತು ಸತೋಷಿ ಮಿಜುಟಾನಿ ಒಂದು ಕಡೆ, ಡೇವಿಡ್ ಬಾಲ್ಟಿಮೋರ್ ಇನ್ನೊಂದು ಕಡೆ ಕಂಡುಹಿಡಿದರು. 1975ರ ನೊಬೆಲ್ ಪ್ರಶಸ್ತಿಯಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಪಾಲು ಪಡೆದರು. ಕೋವಿಡ್ ಕಾಲದಲ್ಲಿ ಊರೂರಲ್ಲಿ ಗಂಟಲ ದ್ರವ ಕೊಟ್ಟು ಆರ್‌ಟಿ-ಪಿಸಿಆರ್ ಫಲಿತಾಂಶಕ್ಕೆ ಕಾದೆವಲ್ಲ, ಆ ಪರೀಕ್ಷೆಯ ಮೊದಲ ಹೆಜ್ಜೆ ಇದೇ ಕಿಣ್ವದ್ದು.

ಈ ಕಿಣ್ವಕ್ಕೆ ಒಂದು ದೌರ್ಬಲ್ಯವಿದೆ. ಡಿಎನ್‌ಎ, ಆರ್‌ಎನ್‌ಎ ಎರಡೂ ನಾಲ್ಕೇ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಬರೆದ ಉದ್ದನೆಯ ಸರಗಳು. ಎಂಆರ್‌ಎನ್‌ಎಯ ಕೊನೆಯಲ್ಲಿ ಎ ಎಂಬ ಒಂದೇ ಅಕ್ಷರದ ಉದ್ದನೆಯ ಬಾಲವಿರುತ್ತದೆ. ಕಿಣ್ವ ಅಲ್ಲಿಂದ ಹಿಡಿದು ಹಿಮ್ಮುಖವಾಗಿ ಬರೆಯುತ್ತ ಆರಂಭದ ತುದಿಗೆ ಬರಬೇಕು. ಉದ್ದನೆಯ ಆರ್‌ಎನ್‌ಎ ತನ್ನಲ್ಲೇ ಮಡಚಿಕೊಂಡು ಗಂಟಾಗಿದ್ದರೆ ಕಿಣ್ವ ಅಲ್ಲೇ ಕಳಚಿಕೊಳ್ಳುತ್ತದೆ. ಹೀಗಾದಾಗ ಉಳಿಯುವುದು ಮೇಲ್ಭಾಗ ಹರಿದುಹೋದ ಲಗ್ನಪತ್ರಿಕೆ: ಸುಖಾಗಮನ ಬಯಸುವವರ ಹೆಸರೆಲ್ಲ ಕೆಳಗೆ ಸರಿಯಾಗಿವೆ, ವಧು ಯಾರು ವರ ಯಾರು ಎಂಬುದೇ ಇಲ್ಲ. ಪ್ರೋಟೀನು ಎಲ್ಲಿಂದ ಶುರುವಾಗುತ್ತದೆ ಎಂಬ ಸೂಚನೆ ಇರುವುದು ಆ ಆರಂಭದ ಭಾಗದಲ್ಲಿಯೇ. ಅದು ಇಲ್ಲದ ವಂಶವಾಹಿಯನ್ನು ಬ್ಯಾಕ್ಟೀರಿಯಾದಲ್ಲೋ ಇನ್ನೊಂದು ಗಿಡದಲ್ಲೋ ಕೂರಿಸಿ ಕೆಲಸ ಮಾಡಿಸಿ ನೋಡಲಾಗುವುದಿಲ್ಲ. ಪೂರ್ಣ ಉದ್ದದ ಲೈಬ್ರರಿ ಬೇಕು ಎಂದು ವಿಜ್ಞಾನಿಗಳು ಪಟ್ಟು ಹಿಡಿದದ್ದು ಇದಕ್ಕೆ.

ಆ ಹಟದ ಫಲ ದೊಡ್ಡದು. ಜಪಾನಿನ ರೈಕೆನ್ ಸಂಸ್ಥೆಯವರು ಎಂಆರ್‌ಎನ್‌ಎಯ ಆರಂಭದ ತುದಿಯಲ್ಲಿರುವ ಟೋಪಿಯನ್ನೇ (ಕ್ಯಾಪ್ ಎಂಬ ರಾಸಾಯನಿಕ ಗುರುತನ್ನೇ) ಗಾಳ ಹಾಕಿ ಹಿಡಿದು, ಟೋಪಿಯವರೆಗೂ ಬರೆದು ಮುಗಿಸಿದ ಪ್ರತಿಗಳನ್ನು ಮಾತ್ರ ಉಳಿಸಿಕೊಳ್ಳುವ ಉಪಾಯ ಮಾಡಿದರು. ಅವರೇ 1998ರಲ್ಲಿ ಟ್ರೆಹಲೋಸ್ ಸೇರಿಸಿದರೆ ಕಿಣ್ವ 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಕೆಲಸ ಮಾಡುತ್ತದೆ, ಆ ಬಿಸಿಗೆ ಆರ್‌ಎನ್‌ಎಯ ಗಂಟುಗಳು ಬಿಚ್ಚಿಕೊಳ್ಳುತ್ತವೆ ಎಂದು ತೋರಿಸಿದರು. ಟ್ರೆಹಲೋಸ್ ಎಂದರೆ ಪೂರ್ತಿ ಒಣಗಿದರೂ ಸಾಯದ ಕೆಲವು ಜೀವಿಗಳು ತಮ್ಮ ಮೈಯಲ್ಲಿ ಶೇಖರಿಸಿಟ್ಟುಕೊಳ್ಳುವ ಸಕ್ಕರೆ. ಬರದ ಜಿಲ್ಲೆಯ ಸಸ್ಯವಿಜ್ಞಾನ ಉಪನ್ಯಾಸಕಿಯಾದ ನನಗೆ ಇದನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ಮೈ ನವಿರೇಳುತ್ತದೆ. 2002ರಲ್ಲಿ ಇಲಿಯ 60,770 ಪೂರ್ಣ ಉದ್ದದ ಪ್ರತಿಗಳ ಸಂಗ್ರಹ ಪ್ರಕಟವಾಯಿತು. ಮರುವರ್ಷ ಭತ್ತದ್ದು, 28 ಸಾವಿರಕ್ಕೂ ಹೆಚ್ಚು.

ಆದರೆ ಹಳೆಯ ವಿಧಾನಗಳಿಗೆ ಕಚ್ಚಾ ಸಾಮಗ್ರಿ ರಾಶಿ ಬೇಕಾಗಿತ್ತು. ಒಂದು ಜೀವಕೋಶದಲ್ಲಿರುವ ಒಟ್ಟು ಆರ್‌ಎನ್‌ಎ ಸುಮಾರು 10ರಿಂದ 30 ಪಿಕೋಗ್ರಾಂ; ಒಂದು ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅದರಲ್ಲೂ ಎಂಆರ್‌ಎನ್‌ಎ ಪಾಲು ನೂರಕ್ಕೆ ಕೆಲವೇ ಅಂಶ, ಉಳಿದದ್ದು ಬಹುತೇಕ ಪ್ರೋಟೀನು ತಯಾರಿಸುವ ಯಂತ್ರವಾದ ರೈಬೋಸೋಮಿನದು. ಎಲೆಯನ್ನೋ ಬೇರನ್ನೋ ಗ್ರಾಂಗಟ್ಟಲೆ ಅರೆಯಬಹುದು. ಭ್ರೂಣವಿರುವ ಸೂಜಿತುದಿ ಒಂದೆರಡು ಮಿಲಿಮೀಟರು ಮಾತ್ರ. ಗ್ರಾಂ ಲೆಕ್ಕ ತುಂಬಿಸಲು ಹೊಲದ ಸೂಜಿಗಳನ್ನೆಲ್ಲ ಕತ್ತರಿಸಿದರೆ, ಇಳಿದದ್ದು ಯಾವುದು, ಸೋತದ್ದು ಯಾವುದು ಎಂಬ ವ್ಯತ್ಯಾಸವೇ ಕಲಸಿಹೋಗುತ್ತದೆ. ನಮಗೆ ಬೇಕಾದದ್ದು ಗೆದ್ದ ಗಿಡದ ತುದಿಯೇ, ಅದೊಂದೇ.

ಇಲ್ಲಿ ಅನುಕೂಲಕ್ಕೆ ಬಂದದ್ದು ಇಲಿಯ ರಕ್ತ ಕ್ಯಾನ್ಸರಿನ ವೈರಸ್ಸಿನಿಂದ ಪಡೆದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸಿನ ಒಂದು ಸ್ವಭಾವ. ಎಂಆರ್‌ಎನ್‌ಎಯ ಆರಂಭದ ತುದಿಯವರೆಗೂ ಬರೆದು ಮುಗಿಸಿದಾಗ ಆ ಕಿಣ್ವ ತಾನಾಗಿಯೇ ಕೆಲವು ಸಿ ಅಕ್ಷರಗಳನ್ನು, ಸಾಮಾನ್ಯವಾಗಿ ಮೂರನ್ನು, ಹೆಚ್ಚಿಗೆ ಸೇರಿಸುತ್ತದೆ. ಸಿ ಅಕ್ಷರಕ್ಕೆ ಜೋಡಿಯಾಗುವುದು ಜಿ. ನಾವು ಮೂರು ಜಿ ಅಕ್ಷರಗಳಿಂದ ಕೊನೆಯಾಗುವ, ಮೊದಲೇ ಗೊತ್ತಿರುವ ಒಂದು ಚಿಕ್ಕ ತುಣುಕನ್ನು ದ್ರಾವಣದಲ್ಲಿ ಹಾಕಿಟ್ಟಿದ್ದರೆ ಅದು ಈ ಸಿ ಅಕ್ಷರಗಳಿಗೆ ಕೂಡಿಕೊಳ್ಳುತ್ತದೆ. ಕಿಣ್ವ ಆ ತುಣುಕಿನ ಮೇಲಕ್ಕೆ ದಾಟಿ ಅದನ್ನೂ ಬರೆದು ಮುಗಿಸುತ್ತದೆ. ಈಗ ಪ್ರತಿಯ ಎರಡೂ ತುದಿ ನಮಗೆ ಗೊತ್ತಿರುವವು. ಪಿಸಿಆರ್, ಅಂದರೆ ಡಿಎನ್‌ಎಯನ್ನು ಸುತ್ತು ಸುತ್ತಾಗಿ ದ್ವಿಗುಣಗೊಳಿಸುವ ಕ್ರಿಯೆ, ಮಾಡಿದಾಗ ಎರಡೂ ತುದಿ ಇರುವ ಪ್ರತಿಗಳು ವೃದ್ಧಿಯಾಗುತ್ತವೆ. ದಾರಿಯಲ್ಲಿ ನಿಂತುಹೋದವು ಬಹುತೇಕ ಹಿಂದೆ ಉಳಿಯುತ್ತವೆ. ಈ ಉಪಾಯದಿಂದ ಕೆಲವು ನ್ಯಾನೋಗ್ರಾಂ (ಗ್ರಾಮಿನ ನೂರು ಕೋಟಿಯಲ್ಲಿ ಕೆಲವು ಪಾಲು) ಆರ್‌ಎನ್‌ಎ ಸಾಕಾಯಿತು. 2012ರಲ್ಲಿ ಸ್ಮಾರ್ಟ್-ಸೀಕ್ ವಿಧಾನ ಬಂದಾಗ ಒಂದೇ ಜೀವಕೋಶದ ಮಟ್ಟಕ್ಕೂ ಇಳಿಯಿತು. ಪಿಸಿಆರ್ ಸುತ್ತುಗಳನ್ನು ಅಗತ್ಯಕ್ಕಿಂತ ಹೆಚ್ಚು ಮಾಡಬಾರದು. ಮಾಡಿದರೆ ಗಿಡ್ಡ ಪ್ರತಿಗಳೇ ತುಂಬಿಕೊಂಡು ಉದ್ದನೆಯವು ಮೂಲೆಗೆ ಬೀಳುತ್ತವೆ.

ಶೇಂಗಾದ ವಿಷಯದಲ್ಲಿ ಪೂರ್ಣ ಉದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಾವು ಬೆಳೆಯುವ ಶೇಂಗಾ ದಕ್ಷಿಣ ಅಮೆರಿಕದ ಎರಡು ಕಾಡುಜಾತಿಗಳು ಬೆರೆತು ಹುಟ್ಟಿದ್ದು. ಅದರ 40 ವರ್ಣತಂತುಗಳಲ್ಲಿ 20 ಒಂದರ ಕಡೆಯವು, 20 ಇನ್ನೊಂದರ ಕಡೆಯವು. ಆದ್ದರಿಂದ ಹೆಚ್ಚಿನ ವಂಶವಾಹಿಗಳಿಗೆ ಸುಮಾರಾಗಿ ಒಂದೇ ತೆರನಾದ ಜೋಡಿ ಇದೆ. ಚೂರು ಚೂರಾಗಿ ಓದಿದ ತುಣುಕುಗಳನ್ನು ಹೊಂದಿಸುವಾಗ ಈ ತುಂಡು ಯಾವ ಜೋಡಿಯದು ಎಂದು ಹೇಳುವುದು ಕಷ್ಟ. ಆರಂಭದಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದಿದರೆ ಗೊಂದಲ ಬಹುಮಟ್ಟಿಗೆ ಇರುವುದಿಲ್ಲ. 2016ರಲ್ಲಿ ಎರಡು ಪೂರ್ವಜ ಜಾತಿಗಳ, 2019ರಲ್ಲಿ ಬೆಳೆಯುವ ಶೇಂಗಾದ ಜೀನೋಮು, ಅಂದರೆ ಡಿಎನ್‌ಎಯ ಪೂರ್ಣ ಪಾಠ, ಪ್ರಕಟವಾಗಿವೆ. ಜೀನೋಮೇ ಸಿಕ್ಕ ಮೇಲೆ ಇನ್ನೇನು ಎಂದು ಕೇಳುವವರಿದ್ದಾರೆ. ಜೀನೋಮು ಇರುವ ವಂಶವಾಹಿಗಳ ಪಟ್ಟಿ ಕೊಡುತ್ತದೆ. ಮಳೆ ತಪ್ಪಿದ ಆಗಸ್ಟಿನಲ್ಲಿ ಚಳ್ಳಕೆರೆಯ ಕೆಂಪು ಮಣ್ಣಿನ ಮೇಲೆ ಅವುಗಳಲ್ಲಿ ಯಾವುದು ಎದ್ದಿತು ಎಂಬುದನ್ನು ಅದು ಹೇಳಲಾರದು. ದಿನವೂ ನೀರು ಹನಿಸಿದ ಕುಂಡದ ಮೆತ್ತನೆ ಮಣ್ಣಿನಲ್ಲಿ ಬೆಳೆದ ಗಿಡವೂ ಹೇಳಲಾರದು. ಇಲ್ಲಿಯ ಮಾದರಿ ಇಲ್ಲಿಯೇ ತೆಗೆಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೆ.

ಇನ್ನು ನನ್ನ ನಿಜವಾದ ಸಂಕಟ. ಕಿಣ್ವ ದಾರಿಯಲ್ಲಿ ನಿಲ್ಲುವ ತೊಂದರೆಗೆ ವಿಜ್ಞಾನ ಔಷಧ ಹುಡುಕಿದೆ. ಆರ್‌ಎನ್‌ಎ ಮೊದಲೇ ತುಂಡಾಗಿದ್ದರೆ ಅದಕ್ಕೆ ಔಷಧವಿಲ್ಲ. ಕತ್ತರಿಸಿದ ತುದಿಯೊಳಗಿನ ಕಿಣ್ವಗಳೇ ಆರ್‌ಎನ್‌ಎಯನ್ನು ನಿಮಿಷಗಳಲ್ಲಿ ಕಡಿಯಲಾರಂಭಿಸುತ್ತವೆ. ನಮ್ಮ ಬೆರಳಿನ ಬೆವರಿನಲ್ಲಿಯೂ ಅಂಥ ಕಿಣ್ವಗಳಿವೆ, ಕೆಲವು ಕುದಿಸಿದರೂ ಸಾಯುವುದಿಲ್ಲ. ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿ ಎಂ.ಎಸ್ಸಿ.ಗೆ ಹೋದ ವಿದ್ಯಾರ್ಥಿನಿಯೊಬ್ಬಳು, ಪರಶುರಾಂಪುರ ಕಡೆಯ ರೈತರ ಮಗಳು, ತನ್ನ ತಂದೆಯ ಹೊಲದಲ್ಲಿ ಸೂಜಿತುದಿಗಳನ್ನು ಆರಿಸಿ, ಥರ್ಮಾಕೋಲ್ ಡಬ್ಬಿಯಲ್ಲಿ ಮಂಜುಗಡ್ಡೆ ತುಂಬಿ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ದಳು. ಒಳ್ಳೆಯ ಆರ್‌ಎನ್‌ಎಯನ್ನು ಜೆಲ್‌ನಲ್ಲಿ ವಿದ್ಯುತ್ ಹಾಯಿಸಿ ಗಾತ್ರದ ಪ್ರಕಾರ ಓಡಿಸಿದರೆ ರೈಬೋಸೋಮಿನ ಎರಡು ಪಟ್ಟೆಗಳು ಗೆರೆ ಎಳೆದ ಹಾಗೆ ಸ್ಪಷ್ಟವಾಗಿ, ಮೇಲಿನದು ಕೆಳಗಿನದಕ್ಕಿಂತ ದಟ್ಟವಾಗಿ ಕಾಣಬೇಕು. ಅವಳು ಫೋನಿನಲ್ಲಿ ಕಳಿಸಿದ ಚಿತ್ರದಲ್ಲಿ ಪಟ್ಟೆಯೇ ಇರಲಿಲ್ಲ. ಮಾದರಿ ತುಂಬುವ ಮೇಲಿನ ಗುಳಿಯಿಂದ ಕೆಳಗಿನ ಅಂಚಿನವರೆಗೆ ಮಸುಕಾಗಿ ಒರೆಸಿಹೋದಂಥ ಬೆಳಕು, ತಳದಲ್ಲಿ ಮಾತ್ರ ಒಂದು ದಪ್ಪ ಕಲೆ. ಎಲ್ಲವೂ ನುಚ್ಚುನೂರಾಗಿತ್ತು. ಆ ಹಂಗಾಮಿನ ಸೂಜಿಗಳು ಆ ಹಂಗಾಮಿಗೇ ಮುಗಿದವು. ಅವಳ ಪ್ರಾಜೆಕ್ಟಿನ ಅವಧಿಯೂ ಮುಗಿಯಿತು. ಆ ಹುಡುಗಿಯ ಶ್ರದ್ಧೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಮಂಜುಗಡ್ಡೆಯ ಶೂನ್ಯ ಡಿಗ್ರಿ ಈ ಕೆಲಸಕ್ಕೆ ಸಾಲದು, ಅಷ್ಟೇ.

ಸಾಲುವುದು ದ್ರವ ಸಾರಜನಕ, ಮೈನಸ್ 196 ಡಿಗ್ರಿ. ಅದಕ್ಕೆ ಅದ್ದಿದ ಕ್ಷಣದಲ್ಲೇ ಒಳಗಿನ ಎಲ್ಲ ಚಟುವಟಿಕೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಮಾತ್ರ ಸಿಗುವ ವಸ್ತು ಅದಲ್ಲ. ದನಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯ ನಳಿಕೆಗಳನ್ನು ಪಶು ಆಸ್ಪತ್ರೆಗಳಲ್ಲಿ ಇಡುವುದು ಅದರಲ್ಲಿಯೇ. ನಮ್ಮ ಅಣ್ಣ ಪಶು ಪರಿವೀಕ್ಷಕರಾಗಿ ನಿವೃತ್ತರಾದವರು. ಚಿಕ್ಕ ಅಲ್ಯೂಮಿನಿಯಂ ಕ್ಯಾನನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಹಟ್ಟಿ ಹಟ್ಟಿ ತಿರುಗಿದವರು. ಮುಚ್ಚಳ ತೆಗೆದೊಡನೆ ಬಿಳಿ ಹೊಗೆ ಕ್ಯಾನಿನ ಕತ್ತಿನಿಂದ ಕೆಳಕ್ಕೆ ಹರಿಯುವುದನ್ನು, ಅವರು ಇಕ್ಕಳದಿಂದ ನಳಿಕೆ ಎತ್ತಿ ಅಷ್ಟೇ ಬೇಗ ಬೆಚ್ಚಗಿನ ನೀರಿಗೆ ಹಾಕುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕ್ಯಾನನ್ನು ಒಳಗೆ ಗಾಳಿಯಾಡದ ಕೋಣೆಯಲ್ಲಿ ಇಡಬಾರದು, ಕಾರಿನ ಗಾಜು ಏರಿಸಿಕೊಂಡು ಒಯ್ಯಬಾರದು, ಎಷ್ಟು ಆರಿದೆ ಎಂದು ಅಳತೆ ಕಡ್ಡಿ ಇಳಿಸಿ ದಿನವೂ ನೋಡಬೇಕು ಎಂಬುದೆಲ್ಲ ಅವರಂಥವರಿಗೆ ಕರತಲಾಮಲಕ. ಬೆಂಗಳೂರಿನ ಪ್ರಯೋಗಾಲಯದ ಎಷ್ಟೋ ವಿದ್ಯಾರ್ಥಿಗಳಿಗಿಂತ ದ್ರವ ಸಾರಜನಕವನ್ನು ಸಲೀಸಾಗಿ ನಿಭಾಯಿಸುವ ಕೈಗಳು ನಮ್ಮ ಹೋಬಳಿಗಳಲ್ಲಿವೆ.

ಹಾಗಾಗಿ ನನ್ನ ಕೋರಿಕೆ ಸರಳವಾದದ್ದು. ಸೂಜಿ ಇಳಿಯುವ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ತಾಲ್ಲೂಕುಗಳ ಪಶು ಆಸ್ಪತ್ರೆಗಳಿಂದ ಒಂದೊಂದು ಚಿಕ್ಕ ಕ್ಯಾನನ್ನು ಸಸ್ಯ ಮಾದರಿಗಳಿಗೆಂದು ಎರವಲು ಕೊಡಲು ಜಿಲ್ಲಾಡಳಿತ ಆದೇಶ ಮಾಡಲಿ. ವೀರ್ಯ ನಳಿಕೆಗಳ ಕ್ಯಾನಿಗೆ ಕೈಹಾಕುವುದು ಬೇಡ. ಹೈನುಗಾರರ ಕೆಲಸಕ್ಕೆ ಒಂದು ದಿನವೂ ಅಡ್ಡಿಯಾಗಬಾರದು. ಪ್ರತ್ಯೇಕ ಕ್ಯಾನ್, ಪ್ರತ್ಯೇಕ ದಾಖಲೆ ಪುಸ್ತಕ ಇರಲಿ. ತುದಿಯನ್ನು ಕತ್ತರಿಸಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಸೀಸದ ಕಡ್ಡಿಯಲ್ಲಿ ಹೊಲದ ಹೆಸರು, ಸಾಲು, ದಿನ, ಗಂಟೆ ಬರೆದ ಚೀಟಿ ಕಟ್ಟಿ ಇಳಿಸಿದರೆ ಆಯಿತು. ಮುಚ್ಚಳ ಬಿಗಿದ ಸೀಸೆಯಲ್ಲಿ ಹಾಕಬಾರದು. ಒಳಗೆ ಸೇರಿದ ದ್ರವ ಮೇಲೆ ತೆಗೆದಾಗ ಅನಿಲವಾಗಿ ಉಬ್ಬಿ ಸೀಸೆ ಸಿಡಿಯುತ್ತದೆ. ಈ ಕೆಲಸಕ್ಕೆ ನಮ್ಮ ಪದವಿ ಕಾಲೇಜುಗಳ ವಿದ್ಯಾರ್ಥಿಗಳನ್ನು ತಯಾರು ಮಾಡಲು ನಾನು ಮತ್ತು ನನ್ನಂಥ ಉಪನ್ಯಾಸಕರು ಸಿದ್ಧರಿದ್ದೇವೆ.

ಕ್ಯಾನ್ ತಲುಪದ ಹೊಲಗಳಿಗೆ ಇನ್ನೊಂದು ದಾರಿ ಇದೆ. ಆರ್‌ಎನ್‌ಎ ಕಾಯುವ ದ್ರಾವಣಗಳಲ್ಲಿ ಮುಖ್ಯವಾಗಿ ಇರುವುದು ಅಮೋನಿಯಂ ಸಲ್ಫೇಟ್, ರೈತರು ಗೊಬ್ಬರವಾಗಿ ಬಲ್ಲ ಅದೇ ಲವಣ. ಪ್ರಯೋಗಾಲಯದ ಶುದ್ಧತೆಯದು ಬೇಕು, ಗೊಬ್ಬರದ ಚೀಲದ್ದಲ್ಲ. ಆ ದ್ರಾವಣದಲ್ಲಿ ಅಂಗಾಂಶ ಕೋಣೆಯ ಉಷ್ಣತೆಯಲ್ಲೂ ಕೆಲವು ದಿನ ಕೆಡದೆ ಇರುತ್ತದೆ. ಗಿಡದ ಮೇಣದ ಹೊದಿಕೆಯನ್ನು ದಾಟಿ ಒಳಗಿಳಿಯಲು ಅದು ನಿಧಾನ ಮಾಡುವುದರಿಂದ ತುದಿಯನ್ನು ಮೊದಲೇ ಸೀಳಿ ಹಾಕಬೇಕು. ದ್ರವ ಸಾರಜನಕಕ್ಕೆ ಇದು ಸಮನಲ್ಲ, ಆದರೆ ಮಂಜುಗಡ್ಡೆಗಿಂತ ಎಷ್ಟೋ ಮೇಲು.

ಮಾದರಿ ಜಿಲ್ಲೆಯೊಳಗೇ ಬಂದು ಸೇರಲು ಮೈನಸ್ 80 ಡಿಗ್ರಿಯ ಫ್ರೀಜರ್ ಒಂದು, ವಿದ್ಯುತ್ ಹೋದಾಗ ತಾನಾಗಿ ಚಾಲೂ ಆಗುವ ಜನರೇಟರ್ ಸಮೇತ, ಹಿರಿಯೂರಿನ ಬಬ್ಬೂರು ಫಾರ್ಮಿನ ಕೃಷಿ ಸಂಶೋಧನಾ ಕೇಂದ್ರದಲ್ಲಿಯೋ ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೋ ಇದಕ್ಕೆಂದೇ ಮೀಸಲಾಗಬೇಕು. ಜನರೇಟರ್ ಮಾತನ್ನು ಒತ್ತಿ ಹೇಳುತ್ತೇನೆ. ಫ್ರೀಜರ್ ಕೊಂಡು ವಿದ್ಯುತ್ತಿನ ಏರ್ಪಾಟು ಮರೆತರೆ ಒಂದು ಬೇಸಿಗೆ ರಾತ್ರಿ ವರ್ಷಗಳ ಸಂಗ್ರಹವನ್ನು ಕರಗಿಸಿಬಿಡುತ್ತದೆ. ಅಲ್ಲಿಂದ ಮುಂದಿನ ಓದುವ ಕೆಲಸ ಬೆಂಗಳೂರಿನಲ್ಲಾದರೂ ಆಗಲಿ, ಹೈದರಾಬಾದಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಾದರೂ ಆಗಲಿ, ನಮ್ಮ ತಕರಾರಿಲ್ಲ. ಪೂರ್ಣ ಉದ್ದದ ಪ್ರತಿಗಳನ್ನು ನೇರವಾಗಿ ಓದುವ ನ್ಯಾನೋಪೋರ್ ಯಂತ್ರಗಳಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವೂ ಬಂದಿವೆ. ದಾವಣಗೆರೆ ವಿಶ್ವವಿದ್ಯಾಲಯ ಅಂಥದೊಂದನ್ನು ಶಿವಗಂಗೋತ್ರಿಗೆ ತರಿಸಿದರೆ ನಮ್ಮ ಮಕ್ಕಳು ರಾತ್ರಿ ಬಸ್ಸು ಹತ್ತುವುದೂ ತಪ್ಪುತ್ತದೆ.

ಒಂದು ಷರತ್ತು ಮಾತ್ರ ಇರಲೇಬೇಕು. ಯಾವ ರೈತನ ಹೊಲದಿಂದ, ಅವರ ಮನೆಯಲ್ಲಿ ಯಾರು ಆರಿಸಿ ಉಳಿಸಿದ ಬೀಜದಿಂದ ಮಾದರಿ ಬಂತು ಎಂಬುದು ದಾಖಲೆಯಲ್ಲಿ ಹೆಸರು ಸಹಿತ ಇರಬೇಕು, ಅದರ ಒಂದು ಪ್ರತಿ ಆ ರೈತನ ಕೈಯಲ್ಲಿರಬೇಕು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2002ರ ಜೀವವೈವಿಧ್ಯ ಕಾಯ್ದೆ ಎರಡೂ ಲಾಭದಲ್ಲಿ ಪಾಲಿನ ಮಾತು ಆಡುತ್ತವೆ. ಕಾಗದವೇ ಇಲ್ಲದಿದ್ದರೆ ನಾಳೆ ಪಾಲು ಕೇಳಲು ಹೋದವನ ಮಾತಿಗೆ ಯಾರೂ ಕಿವಿಗೊಡುವುದಿಲ್ಲ.

ಮುಂಗಾರು ಬಿತ್ತನೆ ಜೂನ್, ಜುಲೈನಲ್ಲಿ ಆಗುತ್ತದೆ. ಬಿತ್ತಿದ ಸುಮಾರು 40 ದಿನಕ್ಕೆ ಸೂಜಿಗಳು ಇಳಿಯತೊಡಗುತ್ತವೆ. ಆದೇಶವಾಗಿ, ಕ್ಯಾನ್ ತುಂಬಿ, ಹುಡುಗರಿಗೆ ತರಬೇತಿ ಕೊಡಲು ಮೇ ತಿಂಗಳಲ್ಲೇ ಕೈಹಾಕಬೇಕು. ಸಂಬಂಧಪಟ್ಟ ಅಧಿಕಾರಿಗಳು ಒಂದು ಸಭೆ ಕರೆದರೆ ಅಣ್ಣನನ್ನೂ ಕರೆದುಕೊಂಡು, ಯಾವ ತಾಲ್ಲೂಕಿನಲ್ಲಿ ಎಷ್ಟು ಕ್ಯಾನ್ ಬಿಡುವಾಗಿದೆ ಎಂಬ ಲೆಕ್ಕ ಕೇಳಿಕೊಂಡು ಬರುತ್ತೇನೆ.

ತಮ್ಮ ವಿಶ್ವಾಸಿ,
ಸಸ್ಯವಿಜ್ಞಾನ ಉಪನ್ಯಾಸಕಿ
ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ